ಕ್ಲಿಫ್ ಹೋಲ್ರಾಯ್ಡ್ ಮಾಡಿದ ಚಹಾ

ನಮ್ಮೂರಿನ ಕಾರ್ಪೆಟ್ ಗಿರಣಿಯ ಕ್ಯಾಂಟೀನಿಗೆ ನಾನು ಕೆಲಸಕ್ಕೆ ಸೇರಿದ್ದು ೧೯೬೯ರಲ್ಲಿ. ಮೊದಲ ದಿನವೇ ಅಲ್ಲಿಯ ಮುಖ್ಯ ಅಡುಗೆಯವನು ಕ್ಲಿಫ್ ಹೋಲ್ರಾಯ್ಡ್ ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ, ನಲ್ಲಿ ಕೂರಿಸಿದ್ದ ಒಂದು ದೊಡ್ಡ ಹಂಡೆಯನ್ನು ತೋರಿಸಿದ.

"ಡೋರೀನ್, ಇದು ನಿನ್ನದು. ನೀರು ತುಂಬೋದು, ಕಾಯ್ಸೋದು, ಟೀ ಪುಡಿ ಹಾಕೋದು, ಬಗ್ಗಿಸಿ ಕೊಡೋದು, ಎಲ್ಲಾ ನೀನೇ. ಇದರ ವಿಷಯಕ್ಕೆ ನನ್ನನ್ನ ಕರೀಬೇಡ."

"ನಾನು ರಜಾ ಹಾಕಿದ ದಿನ?"

"ಆ ದಿನ ಎಲ್ಲರೂ ತಣ್ಣೀರು ಕುಡೀಲಿ."

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅಲ್ಲ. ಕ್ಲಿಫ್ ಕೈಯಲ್ಲಿ ಮಾಡಲಾಗದ ಅಡುಗೆಯೇ ಇರಲಿಲ್ಲ. ಕುರಿಮಾಂಸದ ಗಟ್ಟಿ ಸಾರು, ಒಲೆಯಲ್ಲಿ ಉಬ್ಬಿಸಿದ ಹಿಟ್ಟಿನ ಕಡುಬು, ಶುಕ್ರವಾರದ ಮೀನು, ಎಲ್ಲವನ್ನೂ ನಾನೂರು ಜನಕ್ಕೆ ಒಬ್ಬನೇ ನಿಂತು ಅಣಿ ಮಾಡುತ್ತಿದ್ದ. ಆದರೆ ಚಹಾದ ಹಂಡೆಯ ಹತ್ತಿರ ಸುಳಿಯುತ್ತಿರಲಿಲ್ಲ. ಉಗ್ರಾಣಕ್ಕೆ ಹೋಗಬೇಕಾದರೂ ಹಂಡೆಯ ಮುಂದಿನ ದಾರಿ ಬಿಟ್ಟು, ಮೇಜುಗಳನ್ನು ಸುತ್ತಿಕೊಂಡು ಹೋಗುತ್ತಿದ್ದ. ಕುಡಿಯುವುದಂತೂ ದೂರ. ಯಾರ್ಕ್‌ಶೈರಿನ ಗಂಡಸು ಚಹಾ ಕುಡಿಯುವುದಿಲ್ಲ ಎಂದರೆ ನಮ್ಮಲ್ಲಿ ಯಾರೂ ನಂಬುವುದಿಲ್ಲ.

"ನಿಜ ಹೇಳೋ ಕ್ಲಿಫ್, ನೀನು ಫ್ರಾನ್ಸಿನವನು ತಾನೆ? ನಿಮ್ಮಮ್ಮ ಮುಚ್ಚಿಟ್ಟಿದ್ದಾಳೆ" ಎಂದು ನೇಯುವವರು ಕಾಲೆಳೆಯುತ್ತಿದ್ದರು.

"ಹೂಂ ಕಣ್ರೋ. ನಾಳೆ ಕಪ್ಪೆ ಸಾರು ಮಾಡ್ತೀನಿ, ಹೊಟ್ಟೆ ಖಾಲಿ ಇಟ್ಕೊಂಡು ಬನ್ನಿ" ಎನ್ನುತ್ತಿದ್ದ ಅವನು.

ನಾವು ಅಕ್ಕಪಕ್ಕದ ಮನೆಯವರು. ನಡುವೆ ಒಂದೇ ಗೋಡೆ. ಹಾಗಾಗಿ ಅವನ ಇನ್ನೊಂದು ವಿಚಿತ್ರವೂ ನನಗೆ ಗೊತ್ತಿತ್ತು. ಮಳೆ ಹನಿಯತೊಡಗಿದರೆ ಸಾಕು, ಕ್ಲಿಫ್ ಹಿತ್ತಿಲಿಗೆ ಓಡಿಬಂದು ಬಕೆಟ್ಟು, ಬೋಗುಣಿ, ಹೂಕುಂಡ ಎಲ್ಲವನ್ನೂ ಬೋರಲು ಹಾಕುತ್ತಿದ್ದ. ತನ್ನ ಹಿತ್ತಿಲು ಮುಗಿದರೆ ನಮ್ಮದು, ನಮ್ಮದಾದ ಮೇಲೆ ಆಚೆಮನೆಯದು. ಅವನ ಹೆಂಡತಿ ಎನಿಡ್ ಒಮ್ಮೆ ತರಕಾರಿ ಪಾತಿಗೆಂದು ಮಳೆನೀರು ಹಿಡಿಯುವ ಪೀಪಾಯಿ ತರಿಸಿದ್ದಳು. ಮೊದಲ ಮಳೆಗೇ ಅದನ್ನು ಉರುಳಿಸಿ, ಕೊಡಲಿಯಿಂದ ತಳ ಒಡೆದುಹಾಕಿದ.

"ಸೊಳ್ಳೆ ಆಗ್ತವೆ" ಅಂದನಂತೆ.

"ಇಲ್ಲಿಯ ಚಳಿಗೆ ಯಾವ ಸೊಳ್ಳೆ ಬದುಕುತ್ತೆ ಹೇಳೇ ಡೋರೀನ್" ಎಂದು ಎನಿಡ್ ಗೋಡೆಯಾಚೆಯಿಂದ ನಗುತ್ತ ಹೇಳಿದಳು.

ಎನಿಡ್ ಮದುವೆಗೆ ಮುಂಚಿನಿಂದಲೂ ಗಿರಣಿಯ ಬಣ್ಣದ ಮನೆಯಲ್ಲಿ ಉಣ್ಣೆಗೆ ಬಣ್ಣ ಹಾಕುತ್ತಿದ್ದವಳು. ಮದುವೆಯಾದ ಎರಡನೇ ವರ್ಷ ಬಸುರಾದಾಗಲೂ ಕೆಲಸ ಬಿಟ್ಟಿರಲಿಲ್ಲ. ಒಂಬತ್ತು ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಉಸಿರಿರಲಿಲ್ಲ. ಸೂಲಗಿತ್ತಿ ಅದನ್ನು ಬಟ್ಟೆಯಲ್ಲಿ ಸುತ್ತಿ ತಕ್ಷಣ ಹೊರಗೆ ಒಯ್ದಳು. "ನೋಡದಿದ್ದರೇ ಒಳ್ಳೇದು ಕಂದಾ" ಎಂದಳಂತೆ. ಆಮೇಲೆ ಎರಡು ಸಲ ಬಸಿರು ನಿಂತದ್ದು ಮೂರು ತಿಂಗಳು ದಾಟಲಿಲ್ಲ. ಕ್ಲಿಫ್‌ನ ತಾಯಿ ನೇರ ಮಾತಿನ ಹೆಂಗಸು. "ಆ ಬಣ್ಣದ ಹಬೆ ಕುಡಿದ ಹೊಟ್ಟೇಲಿ ಇನ್ನೇನು ಹುಟ್ಟುತ್ತೆ?" ಎಂದುಬಿಟ್ಟಿದ್ದಳು. ಆಕೆ ಸತ್ತು ಎಷ್ಟೋ ವರ್ಷವಾದರೂ ಎನಿಡ್ ಆ ಮಾತನ್ನು ಬಿಟ್ಟಿರಲಿಲ್ಲ. ನನ್ನ ಎರಡನೆಯ ಮಗಳು ಹುಟ್ಟಿದಾಗ ನೋಡಲು ಬಂದವಳು ತೊಟ್ಟಿಲಿನ ಪಕ್ಕ ನಿಂತು, "ನಾನು ಆಗಲೇ ಕೆಲಸ ಬಿಡಬೇಕಿತ್ತು ಕಣೇ, ಹಟ ಮಾಡ್ದೆ" ಎಂದಳು. ಅವತ್ತು ಕ್ಲಿಫ್ ಬಾಗಿಲಲ್ಲೇ ನಿಂತಿದ್ದ. ಆ ಮಾತು ಅವನ ಕಿವಿಗೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಅವನು ತಿರುಗಿ ಮನೆಗೆ ಹೋಗಿಬಿಟ್ಟ.

ಗಿರಣಿ ಎಂಬತ್ತೆಂಟರಲ್ಲಿ ಮುಚ್ಚಿತು. ಕ್ಲಿಫ್ ಮನೆಯಲ್ಲೇ ಉಳಿದ. ಅವನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಎಲ್ಲ ಹುಡುಗರ ಹಾಗೆ ಕಡ್ಡಾಯ ಸೈನ್ಯಸೇವೆಗೆ ಹೋಗಿದ್ದ, ಪೆಸಿಫಿಕ್ ಸಾಗರದ ಕ್ರಿಸ್ಮಸ್ ದ್ವೀಪದಲ್ಲಿ ಒಂದು ವರ್ಷ ಅಡುಗೆಯವನಾಗಿದ್ದ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಅಲ್ಲಿ ನಮ್ಮ ಸರ್ಕಾರ ಜಲಜನಕದ ಬಾಂಬು ಸಿಡಿಸಿ ನೋಡಿದ್ದೂ ಪತ್ರಿಕೆಗಳಲ್ಲಿ ಬಂದಿತ್ತು. "ಹೇಗಿತ್ತೋ?" ಎಂದು ಯಾರಾದರೂ ಕೇಳಿದರೆ, "ಸೆಕೆ, ಮರಳು, ಏಡಿ. ಬೂಟಿನೊಳಗೂ ಏಡಿ" ಎನ್ನುತ್ತಿದ್ದ. ಅಲ್ಲಿಗೆ ಮುಗಿಯಿತು. ಆ ದ್ವೀಪದಲ್ಲಿದ್ದ ಸೈನಿಕರು ಕಟ್ಟಿಕೊಂಡ ಸಂಘವೊಂದಿತ್ತು. ಅದಕ್ಕೆ ಹೆಸರು ಕೊಟ್ಟಿದ್ದನೇ ಹೊರತು ಒಂದು ಸಭೆಗೂ ಹೋದವನಲ್ಲ. ಸಂಘದ ಪತ್ರಿಕೆ ಬಂದಾಗ ಮಾತ್ರ ಕೊನೆಯ ಪುಟವನ್ನೇ ಮೊದಲು ತೆಗೆಯುತ್ತಿದ್ದ. ಅದು ತೀರಿಕೊಂಡವರ ಪುಟ.

೧೯೯೬ರ ಫೆಬ್ರವರಿಯಲ್ಲಿ ಟಾಮ್ಸಿನ್ ಎಂಬ ಹುಡುಗಿ ಅವನನ್ನು ಹುಡುಕಿಕೊಂಡು ಬಂದಳು. ಆ ಸೈನಿಕರ ಬಗ್ಗೆ ಟೀವಿಗೆ ನಾಟಕ ಬರೆಯುತ್ತಿದ್ದಳು. ವಿಳಾಸ ಸಂಘದವರು ಕೊಟ್ಟಿದ್ದರು. ಎನಿಡ್ ಸಡಗರದಿಂದ ನನ್ನನ್ನೂ ಕರೆದಳು. ನಾನು ಹೋಗುವಷ್ಟರಲ್ಲಿ ಹುಡುಗಿ ಸೋಫಾದ ತುದಿಯಲ್ಲಿ ಕುಳಿತು, ತೊಡೆಯ ಮೇಲೆ ಪುಸ್ತಕ ತೆರೆದಿದ್ದಳು.

ಕ್ಲಿಫ್ ಹೇಳಲಾರ ಎಂದುಕೊಂಡಿದ್ದೆ. ಅವತ್ತು ಹೇಳಿದ.

"ಬೆಳಿಗ್ಗೆ ನಮ್ಮನ್ನ ಸಮುದ್ರದ ದಂಡೆ ಮೇಲೆ ಸಾಲಾಗಿ ಕೂರಿಸಿದ್ರು. ಸಮುದ್ರಕ್ಕೆ ಬೆನ್ನು. ಮೊಣಕಾಲಿಗೆ ಹಣೆ ಒತ್ತಿ, ಕಣ್ಣಿನ ಮೇಲೆ ಮುಷ್ಟಿ. ಮೈಮೇಲೆ ಚಡ್ಡಿ, ಅಂಗಿ, ಟೋಪಿ ಅಷ್ಟೇ. ಮೈಕಿನಲ್ಲಿ ಒಬ್ಬ ಎಣಿಸ್ತಿದ್ದ. ಅವನಿಗೆ ನೆಗಡಿ ಆಗಿತ್ತು. ಐದು, ನಾಲ್ಕು ಅನ್ನೋ ನಡುವೆ ಮೂಗೆಳೆದ. ನಾವೆಲ್ಲಾ ನಕ್ಕುಬಿಟ್ವಿ."

"ಆಮೇಲೆ?" ಎಂದಳು ಟಾಮ್ಸಿನ್.

"ಆಮೇಲೆ ಬಿಸಿ. ಹೊರಗಿನ ಬಿಸಿ ಅಲ್ಲಮ್ಮ. ಯಾರೋ ಬೆನ್ನಿಂದ ಒಳಗೆ ಬಂದು ಎದೆಯಿಂದ ಆಚೆ ನಡೆದುಹೋದ ಹಾಗೆ. ಎದ್ದು ತಿರುಗಿ ನೋಡಿ ಅಂದ್ರು. ನೋಡಿದ್ವಿ. ಅದನ್ನ ನಾನು ಹೇಳೋಕಾಗಲ್ಲ. ನನ್ನ ಪಕ್ಕದ ಹುಡುಗ ಅಮ್ಮಾ ಅಂತ ಕೂಗ್ತಿದ್ದ, ಸದ್ದು ಇನ್ನೂ ಬಂದಿರಲಿಲ್ಲ, ಅವನ ಕೂಗು ಒಂದೇ ಕೇಳ್ತಿತ್ತು. ಆಮೇಲೆ ಹಕ್ಕಿಗಳು. ಆ ದ್ವೀಪದ ತುಂಬ ಹಕ್ಕಿ. ಅವಕ್ಕೆ ಕಣ್ಣು ಮುಚ್ಕೊಳ್ಳಿ ಅಂತ ಯಾರು ಹೇಳಿದ್ರು? ಮೂರು ದಿನ ನೆಲದ ಮೇಲೆ ಮುಗ್ಗರಿಸ್ತಾ ಓಡಾಡ್ತಿದ್ವು. ದೊಣ್ಣೆ ಕೊಟ್ಟು, ಸಾಯಿಸಿ ಅಂದ್ರು."

ಎನಿಡ್ ತಟ್ಟೆ ಹಿಡಿದವಳು ಹಿಡಿದಹಾಗೇ ನಿಂತಿದ್ದಳು. ಮೂವತ್ತಾರು ವರ್ಷ ಸಂಸಾರ ಮಾಡಿದವಳಿಗೂ ಇದು ಹೊಸತು.

"ಅವತ್ತು ಇನ್ನೇನಾಯ್ತು, ಮಧ್ಯಾಹ್ನ?" ಎಂದು ಟಾಮ್ಸಿನ್ ಕೇಳಿದಳು.

"ಏನಿಲ್ಲ. ಪಾತ್ರೆ ತೊಳೆದೆ" ಎಂದು ಕ್ಲಿಫ್ ಎದ್ದುಬಿಟ್ಟ.

ಏಪ್ರಿಲ್‌ನಲ್ಲಿ ಚಿತ್ರೀಕರಣ. ಪೆಸಿಫಿಕ್‌ಗೆ ಹೋಗುವಷ್ಟು ಅನುಕೂಲ ಅವರಿಗಿರಲಿಲ್ಲ. ನಮ್ಮದೇ ಪೂರ್ವ ಕರಾವಳಿಯಲ್ಲಿ, ಬ್ರಿಡ್ಲಿಂಗ್ಟನ್ ಆಚೆಯ ಮರಳದಂಡೆಯಲ್ಲಿ ಡೇರೆ ಹೊಡೆದು, ಬಟ್ಟೆ ಮತ್ತು ತಂತಿಯ ತೆಂಗಿನ ಮರ ನಿಲ್ಲಿಸಿದ್ದರು. ಸೈನಿಕರು ಹೇಗೆ ಕೂರುತ್ತಿದ್ದರು, ಹೇಗೆ ಸಾಲು ನಿಲ್ಲುತ್ತಿದ್ದರು ಎಂದು ನಟರಿಗೆ ತೋರಿಸಲು ಕ್ಲಿಫ್‌ನನ್ನು ಕರೆದರು. ಎನಿಡ್ ಅವನ ಕಂದು ಕೋಟಿಗೆ ಇಸ್ತ್ರಿ ಮಾಡಿದಳು. ಒಬ್ಬಳೇ ಬೇಜಾರು ಅಂತ ನನ್ನನ್ನೂ ಹೊರಡಿಸಿದಳು.

ಉತ್ತರ ಸಮುದ್ರದ ಗಾಳಿ ಮೂಳೆ ಕೊರೆಯುತ್ತಿತ್ತು. ಎರಡು ಡಜನ್ ಹುಡುಗರು ಚಡ್ಡಿ ಹಾಕಿಕೊಂಡು, ಬಿಸಿಲಿಗೆ ಕಂದಿದ ಹಾಗೆ ಮೈಗೆಲ್ಲ ಬಣ್ಣ ಬಳಿದುಕೊಂಡು ಹಲ್ಲು ಕಡಿಯುತ್ತಿದ್ದರು. ಬೆವರು ಕಾಣಲೆಂದು ಮುಖಕ್ಕೆ ಎಣ್ಣೆ ನೀರು ಚಿಮುಕಿಸುತ್ತಿದ್ದರು. ಕ್ಯಾಮೆರಾ ನಿಂತ ಕೂಡಲೇ ಎಲ್ಲರೂ ಕಂಬಳಿಗೆ ಓಡುತ್ತಿದ್ದರು. ಕ್ಲಿಫ್ ಅಲ್ಲಿ ಎರಡು ದಿನ ನಾನೆಂದೂ ನೋಡದ ಮನುಷ್ಯನಾಗಿದ್ದ. ಮರಳಿನಲ್ಲಿ ತಾನೇ ಕುಳಿತು ತೋರಿಸಿದ. ಟೋಪಿಯ ಅಂಚು ಮಡಚುವುದು, ದೊಡ್ಡ ಸೌಟು ಹಿಡಿಯುವುದು ಎಲ್ಲ ಕಲಿಸಿದ.

"ತಾತಾ, ನೀವು ನಮ್ಮಷ್ಟೇ ಸಣ್ಣಗಿದ್ರಾ ಆಗ?" ಎಂದು ಅಡುಗೆಯವನ ಪಾತ್ರದ ಹುಡುಗ ಕೇಳಿದ.

"ನಿನಗಿಂತ ಸಣ್ಣ. ಆದ್ರೆ ಸೌಟು ಹೀಗೆ ಮಗು ಥರ ಅಪ್ಕೊಂಡಿರಲಿಲ್ಲ ಕಣೋ. ಅದು ಬಡಿಸೋಕೆ, ಮುದ್ದಾಡೋಕಲ್ಲ."

ಎಲ್ಲರೂ ನಕ್ಕರು. ಎನಿಡ್ ನನ್ನ ತೋಳು ಹಿಂಡಿದಳು. "ನೋಡೇ, ಹೇಗೆ ಮಾತಾಡ್ತಿದ್ದಾನೆ!"

ಮೂರನೆಯ ದಿನ ಮಳೆಯ ದೃಶ್ಯ. ಬೆಂಕಿ ಆರಿಸುವ ಲಾರಿಯ ಕೊಳವೆಯಿಂದ ಮೇಲಕ್ಕೆ ನೀರು ಹಾರಿಸಿ ಮಳೆ ಸುರಿಸಿದರು. ಬಾಂಬು ಸಿಡಿದ ಮಧ್ಯಾಹ್ನ ದ್ವೀಪದ ಮೇಲೆ ಮಳೆ ಬಂದದ್ದು, ತಿಂಗಳುಗಟ್ಟಲೆ ಉಪ್ಪುಪ್ಪು ನೀರು ಕುಡಿದು ಬೇಸತ್ತ ಹುಡುಗರು ಅಂಗಿ ಕಿತ್ತೆಸೆದು, ಬಾಯಿ ತೆರೆದು ಕುಣಿದದ್ದು. ಟಾಮ್ಸಿನ್ ಅದನ್ನು ಸಂತೋಷದ ದೃಶ್ಯವಾಗಿ ಬರೆದಿದ್ದಳು. ಆ ಮಳೆಯಲ್ಲಿ ಬಾಂಬಿನ ವಿಷ ಇದೆ ಎಂದು ನೋಡುವವರಿಗೆ ಗೊತ್ತು, ಕುಣಿಯುವವರಿಗೆ ಗೊತ್ತಿಲ್ಲ, ಅದೇ ಅದರ ಭಯ ಎಂದು ನನಗೆ ವಿವರಿಸಿದಳು.

ಅಷ್ಟರಲ್ಲಿ ಅಡುಗೆಯವನ ಪಾತ್ರದ ಹುಡುಗ ಡೇರೆಯಿಂದ ಪಾತ್ರೆಗಳನ್ನು ಹೊತ್ತು ಓಡಿಬಂದ. ಒಂದು, ಎರಡು, ಐದು, ಎಂಟು ಪಾತ್ರೆಗಳನ್ನು ಮಳೆಗೆ ಇಟ್ಟ. ಕ್ಯಾಮೆರಾ ನಿಂತು, ಮತ್ತೆ ಶುರುವಾದಾಗ ಅವನು ಒಲೆಯ ಮುಂದೆ ನಿಂತು ತಗಡಿನ ಲೋಟಗಳಿಗೆ ಚಹಾ ಸುರಿಯುತ್ತಿದ್ದ. "ಬನ್ರೋ, ಬನ್ರೋ! ಅಮ್ಮನ ಮನೆ ಟೀ! ಉಪ್ಪಿಲ್ಲದ ಟೀ!" ಎಂದು ಕೂಗಿದ. ಹುಡುಗರು ನುಗ್ಗಿದರು. ಮೊದಲನೆಯವನು ಲೋಟವನ್ನು ತುಟಿಗೆ ಒಯ್ದ.

ಕ್ಲಿಫ್ ನನ್ನ ಪಕ್ಕದಲ್ಲಿ ಇರಲಿಲ್ಲ. ನೋಡಿದರೆ ಮಳೆಯೊಳಗಿದ್ದ. ನೇರ ಒಲೆಯ ಹತ್ತಿರ ಹೋಗಿ ಪಾತ್ರೆಯನ್ನು ಕಾಲಿನಿಂದ ಒದ್ದ. ಆ ಹುಡುಗನ ಕೈಯ ಲೋಟವನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ಕುಡೀಬೇಡ. ಮಗಾ, ಕುಡೀಬೇಡ ಕಣೋ. ಕೆಳಗಿಡು."

"ಇದು ಬರೀ ನಲ್ಲಿ ನೀರು ತಾತಾ" ಎಂದ ಹುಡುಗ, ಗಾಬರಿಯಿಂದ.

"ಕುಡೀಬೇಡ ಅಂದ್ನಲ್ಲ!"

ಕೊಳವೆ ನಿಂತಿತು. ಕ್ಲಿಫ್ ಒದ್ದೆ ಮರಳಿನಲ್ಲಿ ಕುಸಿದು ಕುಳಿತ. ಟಾಮ್ಸಿನ್ ಓಡಿಬಂದು ಅವನ ಮುಂದೆ ಮಂಡಿಯೂರಿದಳು.

"ಯಾರು ಹೇಳಿದ್ರು ನಿನಗೆ ಇದನ್ನ?" ಎಂದು ಕೇಳಿದ.

"ಫ್ಲೀಟ್‌ವುಡ್‌ನಲ್ಲಿ ಎರ್ನಿ ಗೋರ್ಟನ್ ಅಂತ ಇದ್ದಾರೆ, ನಿಮ್ಮ ದ್ವೀಪದವರೇ. ಆ ವರ್ಷದ ಒಂದೇ ಒಂದು ಒಳ್ಳೆ ನೆನಪು ಅಂದ್ರೆ ಆ ಟೀ ಅಂದ್ರು. ಅಡುಗೆಯವನ ಹೆಸರು ಮರೆತಿದ್ದಾರೆ." ಅವಳು ಅವನ ಮುಖ ನೋಡಿದಳು. "ಅದು ನೀವಾ?"

"ನಾನೇ. ಯಾರೂ ಮಾಡು ಅನ್ನಲಿಲ್ಲ. ನನಗೇ ಹೊಳೀತು. ಜಾಣ ನೋಡು ನಾನು! ಅಧಿಕಾರಿಯೊಬ್ಬ ಬಂದು ಬೆನ್ನು ತಟ್ಟಿದ. ಇನ್ನೂರು, ಮುನ್ನೂರು ಜನ ಸಾಲು ನಿಂತ್ರು. ಎರಡನೇ ಸಲ ಬಂದವರಿಗೂ ಕೊಟ್ಟೆ. ನಾಲ್ಕು ದಿನ ಆ ನೀರೇ ಇಟ್ಕೊಂಡಿದ್ದೆ, ಚೆಲ್ಲೋಕೆ ಮನಸ್ಸು ಬರದೆ. ಆಮೇಲೆ ಒಬ್ಬೊಬ್ಬರಾಗಿ ಸತ್ತರು. ಮೂವತ್ತಕ್ಕೆ ಒಬ್ಬ, ನಲವತ್ತಕ್ಕೆ ಒಬ್ಬ. ಪತ್ರಿಕೇಲಿ ಹೆಸರು ಓದ್ತೀನಿ, ಮುಖ ನೆನಪಾಗುತ್ತೆ. ಮುಖ ನೆನಪಾದ್ರೆ ಅವನ ಕೈಲಿ ಲೋಟ ಇರುತ್ತೆ."

ಅವನ ಹಿಂದೆ ಎನಿಡ್ ನಿಂತಿದ್ದಳು. ಅವಳು ಕೇಳಿದ್ದು ಒಂದೇ ಮಾತು.

"ನೀನೂ ಕುಡಿದಿದ್ಯಾ?"

ಅವನು ತಿರುಗಿ ನೋಡಲಿಲ್ಲ. "ಎಲ್ಲರಿಗಿಂತ ಹೆಚ್ಚು" ಎಂದ.

ವಾಪಸು ಬರುವ ವ್ಯಾನಿನಲ್ಲಿ ಎನಿಡ್ ಅವನ ಪಕ್ಕ ಕೂರಲಿಲ್ಲ. ನನ್ನ ಪಕ್ಕ ಕುಳಿತು, ಕೈಚೀಲದ ಕೊಂಡಿಯನ್ನು ತೆಗೆಯುತ್ತ ಹಾಕುತ್ತ ಬಂದಳು. ಮನೆ ಬಾಗಿಲಲ್ಲಿ ಇಳಿದಾಗ ಬೀದಿಯಲ್ಲಿಯೇ ಅವನನ್ನು ನಿಲ್ಲಿಸಿದಳು.

"ಮಗು ಹೋದಾಗ ನಿನ್ನ ತಲೇಲಿ ಇದೇ ಇತ್ತಾ?"

"ಇತ್ತು."

"ನಿಮ್ಮಮ್ಮ ನನ್ನನ್ನ ಅಂದಾಗ?"

"ಇತ್ತು ಎನಿಡ್."

"ನಾನು ಮೂವತ್ತನಾಲ್ಕು ವರ್ಷ ನನ್ನ ಹೊಟ್ಟೇನೇ ಬೈಕೊಂಡು ಬದುಕಿದೆ. ನೀನು ಎದುರಿಗೆ ಕೂತು ರೊಟ್ಟಿ ತಿಂದೆ."

ಮರುದಿನ ಬೆಳಿಗ್ಗೆ ಅವಳು ಮೊರ್ಕಾಮಿನ ತಂಗಿಯ ಮನೆಗೆ ಹೊರಟುಹೋದಳು. ಕೀಲಿಕೈ ನನ್ನ ಕೈಗಿಟ್ಟು, "ಅವನಿಗೆ ಅಡುಗೆ ಮಾಡೋಕೆ ಬರುತ್ತೆ, ಮಾಡಿಕೊಂಡು ತಿನ್ನಲಿ. ಬದುಕಿದ್ದಾನಾ ಅಂತ ಮಾತ್ರ ನೋಡ್ಕೋ" ಎಂದಳು.

ಅವನು ಮಾಡಿಕೊಂಡು ತಿನ್ನಲಿಲ್ಲ. ನಾನು ಒಯ್ದದ್ದನ್ನು ಅರ್ಧ ತಿಂದು ಬಿಡುತ್ತಿದ್ದ. ಹೊರಗೆ ಹೋಗುವುದನ್ನೂ ಬಿಟ್ಟ. ಯಾಕೆಂದು ಕೇಳಿದಾಗ, ನಡುಮಧ್ಯಾಹ್ನದ ಬೆಳಕಿನಲ್ಲಿ, ಅಡುಗೆಮನೆಯ ಕುರ್ಚಿಯಲ್ಲಿ ಕುಳಿತು ನಿಧಾನವಾಗಿ ಹೇಳಿದ:

"ಪೋಸ್ಟಾಫೀಸಿನಲ್ಲಿ ಸಾಲು ಇರುತ್ತಲ್ಲ ಡೋರೀನ್. ಬಸ್ ಸ್ಟಾಪಲ್ಲೂ. ಅದರಲ್ಲಿ ಇರ್ತಾರೆ ಅವರು. ವಯಸ್ಸೇ ಆಗಿಲ್ಲ ಒಬ್ಬರಿಗೂ. ಚಡ್ಡಿ ಹಾಕ್ಕೊಂಡು, ಮೈ ಒದ್ದೆ, ನಗ್ತಾ ನಿಂತಿರ್ತಾರೆ. ಬೈದ್ರೆ ಪರವಾಗಿಲ್ಲ. ಬೈಯಲ್ಲ. ಥ್ಯಾಂಕ್ಸ್ ಕಣೋ ಕುಕ್ ಅಂತಾರೆ."

ಅವನ ಹಿಂದಿನ ಬಾಗಿಲನ್ನು ನೋಡಿದೆ. ಯಾರೂ ಇರಲಿಲ್ಲ. ಆದರೂ ಅವತ್ತಿನಿಂದ ಆ ಮನೆಗೆ ಹೋಗುವಾಗ ನಾನು ಬಾಗಿಲು ತಟ್ಟುವುದಕ್ಕೆ ಮೊದಲು ಕೆಮ್ಮುತ್ತಿದ್ದೆ.

ಐದನೆಯ ವಾರ ಒಂದು ಟ್ಯಾಕ್ಸಿ ಬಂದು ನಿಂತಿತು. ಉಬ್ಬಸದ ಮನುಷ್ಯನೊಬ್ಬ ಕೋಲೂರಿಕೊಂಡು ಇಳಿದ. ತಲೆಯಲ್ಲಿ ಒಂದು ಕೂದಲಿಲ್ಲ, ಹುಬ್ಬು ಕೂಡ ಇಲ್ಲ. ಎರ್ನಿ ಗೋರ್ಟನ್. ಟಾಮ್ಸಿನ್ ಅವನಿಗೆ ಎಲ್ಲ ಹೇಳಿದ್ದಳು. ನಾನು ಅವನನ್ನು ಒಳಗೆ ಕೂರಿಸಿ ಹೊರಡಲು ಎದ್ದರೆ, "ಕೂತ್ಕೊಳ್ಳಿ ತಾಯಿ, ನಾನು ಬಿದ್ರೆ ಎತ್ತೋಕೆ ಒಬ್ಬರು ಬೇಕು" ಎಂದ.

ಕ್ಲಿಫ್ ಅವನನ್ನು ನೋಡಿದ ತಕ್ಷಣ ಗುರುತು ಹಿಡಿದ. "ಮೂರನೇ ಡೇರೆ. ಮೌತ್ ಆರ್ಗನ್ ಬಾರಿಸ್ತಿದ್ದೆ."

"ಕೆಟ್ಟದಾಗಿ ಬಾರಿಸ್ತಿದ್ದೆ" ಎಂದ ಎರ್ನಿ. "ನೀನಂತೆ ನಮ್ಮನ್ನೆಲ್ಲಾ ಸಾಯಿಸಿದ್ದು? ಎಷ್ಟು ಕೊಬ್ಬು ನಿನಗೆ! ಸರ್ಕಾರ ಅಷ್ಟು ದೊಡ್ಡ ಬಾಂಬು ಹಾಕಿತು, ಹೆಸರು ಮಾತ್ರ ನಿನ್ನ ಕೆಟಲಿಗೆ ಬೇಕಾ?"

ಕ್ಲಿಫ್ ನಗಲಿಲ್ಲ.

"ಕೇಳೋ ಇಲ್ಲಿ" ಎಂದು ಎರ್ನಿ ಉಸಿರು ತೆಗೆದುಕೊಂಡ. "ಆ ಮಳೆ ನಿನ್ನ ಪಾತ್ರೆಗೆ ಬೀಳೋ ಮುಂಚೆ ನನ್ನ ಬಾಯಿಗೆ ಬಿತ್ತು. ನನ್ನ ಹಾಸಿಗೆ ಮೇಲೆ ಬಿತ್ತು. ಮರುದಿನ ಆ ಮಳೆ ಬಿದ್ದ ಕೊಳದಲ್ಲೇ ಈಜಿದ್ವಿ, ಅಲ್ಲಿನ ಮೀನು ಹಿಡಿದು ತಿಂದ್ವಿ. ನನ್ನ ರಕ್ತ ಯಾವುದರಿಂದ ಕೆಡ್ತು? ಡಾಕ್ಟರಿಗೆ ಗೊತ್ತಿಲ್ಲ. ಸರ್ಕಾರ ಅಂತೂ ಮಳೆಯೇ ಬಂದಿಲ್ಲ ಅನ್ನುತ್ತೆ. ನಿನಗೆ ಹೇಗಪ್ಪಾ ಗೊತ್ತಾಯ್ತು?"

"ಗೊತ್ತಿಲ್ಲ. ಅದೇ ನನ್ನನ್ನ ತಿಂತಿರೋದು. ಗೊತ್ತಾದ್ರೆ ಎರಡರಲ್ಲಿ ಒಂದು ಆಗ್ತಿತ್ತು."

"ಟೀಯಿಂದಾನೇ ಅಂತ ನಾಳೆ ಯಾರಾದ್ರೂ ಸಾಬೀತು ಮಾಡಿದ್ರೂ ನಾನು ನಿನ್ನ ಮೇಲೆ ಕೋಪ ಮಾಡ್ಕೊಳ್ಳಲ್ಲ. ನನಗೆ ಹತ್ತೊಂಬತ್ತು ವರ್ಷ, ಮನೆ ನೆನಪಾಗಿ ಅಳ್ತಿದ್ದೆ, ನೀನು ಕೈಗೆ ಬಿಸಿ ಲೋಟ ಕೊಟ್ಟೆ." ಎರ್ನಿ ಕೋಲಿನ ಮೇಲೆ ಗದ್ದ ಊರಿದ. "ಆದ್ರೆ ನಿನ್ನ ಹೆಂಡತಿಗೆ ಮಾಡಿದ್ದು ಬೇರೆ ಲೆಕ್ಕ. ಅಲ್ಲಿ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ಅದಕ್ಕೆ ನನ್ನ ಮುಖ ನೋಡಬೇಡ."

ಕ್ಲಿಫ್ ಮಾರನೆಯ ದಿನ ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು ಮೊರ್ಕಾಮಿಗೆ ರೈಲು ಹತ್ತಿದ.

ಅಲ್ಲಿ ನಡೆದದ್ದನ್ನು ಆಮೇಲೆ ಎನಿಡ್ ನನಗೆ ಹೇಳಿದಳು. ಇಬ್ಬರೂ ಸಮುದ್ರದ ಬದಿಯ ಬೆಂಚಿನಲ್ಲಿ ಕೂತರಂತೆ. ಇಳಿತದ ಹೊತ್ತು, ನೀರು ಕಣ್ಣಿಗೆ ಕಾಣದಷ್ಟು ಹಿಂದೆ ಸರಿದಿತ್ತಂತೆ. ಅವನು ಕ್ಷಮಿಸು ಎನ್ನಲಿಲ್ಲ. "ನೀನು ನಿನ್ನನ್ನ ಬೈಕೊಂಡಿರೋವರೆಗೂ ಯಾರೂ ನನ್ನನ್ನ ಕೇಳ್ತಿರಲಿಲ್ಲ. ಅದಕ್ಕೇ ಬಿಟ್ಟೆ" ಎಂದ.

"ಅಷ್ಟು ನಿಜ ಹೇಳ್ತಾನೆ ಅಂತ ನಾನು ಅಂದ್ಕೊಂಡಿರಲಿಲ್ಲ ಕಣೇ" ಎಂದಳು ಎನಿಡ್. "ಕಪಾಳಕ್ಕೆ ಹೊಡೆದೆ. ಆಚೆ ಬೆಂಚಿನವರು ಎದ್ದು ನಿಂತ್ರು. ಆಮೇಲೆ ಕೇಳಿದೆ, ಮಗು ಗಂಡೋ ಹೆಣ್ಣೋ ಅಂತ. ನನಗೆ ಯಾರೂ ಹೇಳಿರಲಿಲ್ಲ. ಅವನಿಗೆ ಗೊತ್ತಿತ್ತು, ಸೂಲಗಿತ್ತೀನ ಬಾಗಿಲಲ್ಲಿ ತಡೆದು ನೋಡಿದ್ನಂತೆ. ಹೆಣ್ಣು. ಕೂದಲು ತುಂಬಾ ಇತ್ತಂತೆ."

"ಮಿಕ್ಕಿದ್ದು?" ಎಂದು ನಾನು ಕೇಳಿದೆ. ಕೇಳಬಾರದಿತ್ತು.

"ಕೂದಲು ತುಂಬಾ ಇತ್ತು ಅಂದ" ಎಂದಳು ಎನಿಡ್ ಮತ್ತೊಮ್ಮೆ.

ಅವಳು ಜುಲೈನಲ್ಲಿ ಮನೆಗೆ ಬಂದಳು. ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ದಿನ ಗೋಡೆಯಾಚೆಯಿಂದ ಅವಳ ಕೂಗು ಕೇಳುತ್ತಿತ್ತು, ಕೆಲವು ದಿನ ಏನೂ ಕೇಳುತ್ತಿರಲಿಲ್ಲ. ಆದರೆ ಕ್ಲಿಫ್ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಕೊಡುತ್ತಿದ್ದ.

ನಾಟಕ ನವೆಂಬರಿನಲ್ಲಿ, ಒಂದು ಭಾನುವಾರ ಸಂಜೆ ಬಂತು. ಟಾಮ್ಸಿನ್ ಆ ದೃಶ್ಯವನ್ನು ಬದಲಾಯಿಸಿದ್ದಳು. ಹುಡುಗ ಪಾತ್ರೆ ಇಡುತ್ತಾನೆ, ಕಾಯಿಸುತ್ತಾನೆ, ಬಗ್ಗಿಸುತ್ತಾನೆ. ಕೂಗಾಟವಿಲ್ಲ. ಒಬ್ಬೊಬ್ಬನೂ ಲೋಟ ಹಿಡಿದು ಅವನತ್ತ ತಲೆಯಾಡಿಸಿ ಮುಂದೆ ಹೋಗುತ್ತಾನೆ. ಕೊನೆಗೆ ಅವನು ತನಗೂ ಒಂದು ತುಂಬಿಕೊಂಡು, ಪೆಟ್ಟಿಗೆಯ ಮೇಲೆ ಕುಳಿತು, ಕಣ್ಣು ಮುಚ್ಚಿ ಕುಡಿಯುತ್ತಾನೆ. ಅಷ್ಟೇ. ಮುಗಿಯುವವರೆಗೂ ಎನಿಡ್ ಕ್ಲಿಫ್‌ನ ತೋಳಿನ ಬಟ್ಟೆಯನ್ನು ಹಿಡಿದುಕೊಂಡಿದ್ದಳು, ಕೈಯನ್ನಲ್ಲ, ಬಟ್ಟೆಯನ್ನು. ಮುಗಿದ ಮೇಲೆ ಅವಳೇ ಎದ್ದು ಟೀವಿ ಆರಿಸಿದಳು.

ನಾಟಕದ ಅಡುಗೆಯವನಿಗೆ ಎಂದು ಬರೆದ ಕಾಗದಗಳು ಆಮೇಲೆ ಬರತೊಡಗಿದವು. ಟೀವಿಯವರು ಕಟ್ಟು ಕಟ್ಟಿ ಕಳಿಸುತ್ತಿದ್ದರು. ಸೈನಿಕರು ಬರೆದದ್ದಕ್ಕಿಂತ ಅವರ ಹೆಂಡತಿಯರು ಬರೆದದ್ದೇ ಹೆಚ್ಚು. ಕ್ಲಿಫ್‌ಗೆ ಅವನ್ನು ಓದಲು ಆಗುತ್ತಿರಲಿಲ್ಲ. ಎನಿಡ್ ಓದಿದಳು. ಉತ್ತರವಾಗಿ ಮೊದಲು ಎರಡು ಸಾಲು ಬರೆಯುತ್ತಿದ್ದವಳು ಆಮೇಲೆ ಎರಡು ಪುಟ ಬರೆದಳು. ಕೆಲವರು ಫೋನು ಮಾಡುತ್ತಿದ್ದರು. ಡಂಡೀಯಿಂದ ಒಬ್ಬಳು ಪ್ರತಿ ಮಂಗಳವಾರ ಮಾಡುತ್ತಿದ್ದಳು, ಹೆಚ್ಚು ಮಾತಾಡುತ್ತಿರಲಿಲ್ಲ, ಆ ಕಡೆ ಅವಳು ಉಣ್ಣೆ ಹೆಣೆಯುವ ಕಡ್ಡಿಯ ಸದ್ದು ಕೇಳುತ್ತಿತ್ತು. "ನಾನೂ ಏನಾದ್ರೂ ಹೆಣೀತಾ ಕೂತ್ಕೋತೀನಿ" ಎಂದು ಎನಿಡ್ ನಗುತ್ತಿದ್ದಳು. ಎರ್ನಿ ಆ ಚಳಿಗಾಲ ದಾಟಲಿಲ್ಲ. ಅವನ ಅಂತ್ಯಕ್ರಿಯೆಗೆ ಕ್ಲಿಫ್ ಹೋಗಿ, ಸಂಘದವರ ನಡುವೆ ಮೊದಲ ಬಾರಿಗೆ ನಿಂತ. ಅವತ್ತು ದ್ವೀಪದಲ್ಲಿ ಚಹಾ ಮಾಡಿದ್ದು ತಾನೇ ಎಂದು ಅಲ್ಲಿ ಎಲ್ಲರಿಗೂ ಹೇಳಿದನಂತೆ. ಒಬ್ಬ ಮುಖ ತಿರುಗಿಸಿಕೊಂಡು ಹೊರಗೆ ಹೋದ. ಮಿಕ್ಕವರು ಅವನಿಗೆ ಕುರ್ಚಿ ಎಳೆದುಕೊಟ್ಟರು.

ಸಾಲಿನಲ್ಲಿ ನಿಂತವರು ಹೋದರೇ ಎಂದು ನಾನು ಒಮ್ಮೆ ಕೇಳಿದೆ.

"ಎಲ್ಲಿಗೆ ಹೋಗ್ತಾರೆ?" ಎಂದ. "ಈಗ ಎರ್ನೀನೂ ಇದ್ದಾನೆ."

ಕ್ಲಿಫ್ ೨೦೦೧ರ ಮಾರ್ಚ್‌ನಲ್ಲಿ ತೀರಿಕೊಂಡ. ರಕ್ತದ್ದೇ ಕಾಯಿಲೆ. ಯಾವ ಕಾರಣದಿಂದ ಎಂದು ಎನಿಡ್ ಕೇಳಿದಾಗ ವೈದ್ಯರು ಹೇಳಲಾಗುವುದಿಲ್ಲ ಎಂದರು. ಅವಳು ಮತ್ತೆ ಕೇಳಲಿಲ್ಲ.

ಅದಾಗಿ ನಾಲ್ಕು ವರ್ಷಕ್ಕೆ ಆ ನಾಟಕವನ್ನು ಟೀವಿಯಲ್ಲಿ ಮತ್ತೆ ಹಾಕಿದರು, ಒಂದು ಬುಧವಾರ ಮಧ್ಯಾಹ್ನ. ಎನಿಡ್ ನೋಡುವುದಿಲ್ಲ ಎಂದು ಹಿತ್ತಿಲಿಗೆ ಬಟ್ಟೆ ಹರವಲು ಹೋದಳು. ನಾನು ನಮ್ಮ ಮನೆಯಲ್ಲಿ ವಿಡಿಯೋ ಟೇಪಿನಲ್ಲಿ ರೆಕಾರ್ಡ್ ಮಾಡುತ್ತ ನೋಡುತ್ತಿದ್ದೆ. ಮಳೆಯ ದೃಶ್ಯ ಬಂತು. ಹುಡುಗರು ಕುಣಿಯುತ್ತಿದ್ದಾರೆ. ಮೊದಲ ಸಲ ನಾವೆಲ್ಲ ಅಡುಗೆಯವನನ್ನೇ ನೋಡುತ್ತಿದ್ದೆವು. ಈ ಸಲ ನನ್ನ ಕಣ್ಣು ಎಡಗಡೆಯ ಅಂಚಿಗೆ ಹೋಯಿತು. ಡೇರೆಯ ಹಗ್ಗದ ಹಿಂದೆ, ನೀರಿನ ತೆರೆಯ ಆಚೆ, ಚಡ್ಡಿ ಹುಡುಗರ ನಡುವೆ ಕಂದು ಕೋಟಿನ ಮುದುಕನೊಬ್ಬ ನಿಂತಿದ್ದ. ಮುಖ ಮೇಲೆತ್ತಿ ಆಕಾಶ ನೋಡುತ್ತಿದ್ದ. ಅವನು ಪಾತ್ರೆ ಒದೆಯುವುದಕ್ಕೆ ಸ್ವಲ್ಪ ಮುಂಚೆ ಇರಬೇಕು. ಕ್ಯಾಮೆರಾದವರು, ನಿರ್ದೇಶಕ, ಅಷ್ಟು ಜನರಲ್ಲಿ ಒಬ್ಬರಿಗೂ ಕಂಡಿರಲಿಲ್ಲ. ಎರಡು ಉಸಿರಿನಷ್ಟು ಹೊತ್ತು, ಅಷ್ಟೇ.

ಟೇಪನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿದೆ. ಹೇಳಬೇಕೋ ಬೇಡವೋ ತಿಳಿಯದೆ ಸ್ವಲ್ಪ ಹೊತ್ತು ಕೂತೆ. ಕಡೆಗೆ ಗೋಡೆಯ ಹತ್ತಿರ ಹೋಗಿ ಎನಿಡ್‌ಳನ್ನು ಕರೆದೆ. ಅವಳು ಬಟ್ಟೆಯ ಕ್ಲಿಪ್ಪುಗಳನ್ನು ಮುಂಗೈ ತುಂಬ ಸಿಕ್ಕಿಸಿಕೊಂಡೇ ಬಂದು ಟೀವಿಯ ಮುಂದೆ ನಿಂತಳು. ನಡುಗುವ ಆ ಚಿತ್ರದ ಹತ್ತಿರಕ್ಕೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ತುಂಬ ಹೊತ್ತು ನೋಡಿದಳು.

"ಗುಂಡಿ ಹಾಕ್ಕೊಂಡಿಲ್ಲ ನೋಡು" ಎಂದಳು. "ಅಂಥ ಚಳೀಲಿ."